ಏಲಕ್ಕಿ ಬುಡ ಸೊರಗಿದರೆ, ಕಾಯಿ ಸೀಳಿದರೆ, ಪರಿಮಳ ಹೋದರೆ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಏಲಕ್ಕಿ ಎಲೆ ಹಳದಿಯಾಗಿದೆ ಎಂದು ಅಂಗಡಿಯಲ್ಲಿ ಹೇಳಿದರೆ ಒಂದು ಬಾಟಲಿ ಕೈಗೆ ಬರುತ್ತದೆ. ಆದರೆ ಎಲೆ ಹಳದಿಯಾಗುವುದಕ್ಕೆ ಏಳೆಂಟು ಕಾರಣಗಳಿವೆ. ಕೆಲವಕ್ಕೆ ನೆರಳು ಬೇಕು, ಕೆಲವಕ್ಕೆ ಬಸಿಗಾಲುವೆ ಬೇಕು, ಎರಡಕ್ಕಂತೂ ಯಾವ ಬಾಟಲಿಯಲ್ಲೂ ಮದ್ದಿಲ್ಲ. ಹಾಗಾಗಿ ಮೊದಲು ಕಣ್ಣಿಂದ, ಆಮೇಲೆ ಕೈಯಿಂದ, ಆಮೇಲೆ ಗುದ್ದಲಿಯಿಂದ ನೋಡಿ. ಅಂಗಡಿಗೆ ಹೋಗುವುದು ಕೊನೆಗಿರಲಿ. ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆ ಕಾಫಿಯ ಜೊತೆಗೋ ಅಡಿಕೆಯ ನಡುವೆಯೋ ಏಲಕ್ಕಿ ಇಟ್ಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಒಣಗಿಸುವಾಗ, ಅಡುಗೆಮನೆಯಲ್ಲಿ ಮತ್ತು ಮನೆಮದ್ದಿನಲ್ಲಿ ಆಗುವ ತೊಂದರೆಗಳು ಕೊನೆಯ ಭಾಗದಲ್ಲಿವೆ.

ಬುಡಕ್ಕೆ ಕೈ ಹಾಕುವ ಮುನ್ನ

ಏಲಕ್ಕಿ ಬುಡ ತಂಪು, ಮರೆ, ದರಗು (ಉದುರಿದ ಒಣಎಲೆ) ಎಲ್ಲ ಕೂಡಿದ ಜಾಗ. ಮಂಡಲದ ಹಾವುಗಳು ಅಲ್ಲಿ ಅಲುಗಾಡದೆ ಮಲಗಿರುತ್ತವೆ, ಬಣ್ಣದಲ್ಲಿ ದರಗಿಗೂ ಅವಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ಮೊದಲು ಉದ್ದನೆಯ ಕೋಲಿನಿಂದ ದರಗು ಸರಿಸಿ, ಆಮೇಲೆ ಬಗ್ಗಿ. ಗಮ್‌ಬೂಟು, ದಪ್ಪ ಕೈಗವಸು ಹಾಕಿಕೊಳ್ಳಿ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಮದ್ದಿಗಾಗಿ ಹೊತ್ತು ಕಳೆಯುವುದು ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ ನೇರ ಆಸ್ಪತ್ರೆಗೆ ಹೋಗಬೇಕು.

ಪರೀಕ್ಷೆಗೆ ಬೇಕಾದ ಸಾಮಾನು ಕಡಿಮೆ: ಹರಿತವಾದ ಚಾಕು, ಗುದ್ದಲಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಬಿಳಿ ಕಾಗದ.

ಎಲೆ ಹಳದಿಯಾಗುತ್ತಿದೆ

ಮೊದಲು ಯಾವ ಎಲೆ ಎಂದು ನೋಡಿ. ಹಳೆಯ, ಕೆಳಗಿನ ಎಲೆಗಳು ಮಾತ್ರ ಒಂದೇ ಸಮ ಮಾಸಿ, ಸುಳಿ ಹಸಿರಾಗಿದ್ದರೆ ಅದು ಹೆಚ್ಚಾಗಿ ಸಾರಜನಕದ ಕೊರತೆ ಅಥವಾ ಆ ಕಂದಿನ (ಬುಡದಿಂದ ಎದ್ದ ಕಾಂಡದ) ವಯಸ್ಸು. ಕಾಯಿ ಕೊಟ್ಟು ಮುಗಿದ ಕಂದು ಒಣಗುವುದು ಸಹಜ, ಅದಕ್ಕೆ ಔಷಧಿ ಬೇಡ. ಸಾರಜನಕದ ಕೊರತೆ ಎಂದು ಅನ್ನಿಸಿದರೂ ಗೊಬ್ಬರ ಸುರಿಯುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಏಲಕ್ಕಿಗೆ ಹೊಂದುವ ಮಣ್ಣಿನ ರಸಸಾರ (ಪಿಎಚ್) ಸುಮಾರು 5.5ರಿಂದ 6.5. ಮಳೆ ಹೆಚ್ಚು ಬೀಳುವ ಮಲೆನಾಡಿನ ಮಣ್ಣು ಇದಕ್ಕಿಂತಲೂ ಹುಳಿಯಾಗಿರುವುದು ಸಾಮಾನ್ಯ. ಹಾಗಿದ್ದರೆ ಗೊಬ್ಬರಕ್ಕಿಂತ ಮೊದಲು ಸುಣ್ಣ ಬೇಕಾಗುತ್ತದೆ.

ಆಮೇಲೆ ತೋಟದ ಯಾವ ಜಾಗ ಎಂದು ನೋಡಿ. ಪಡುವಣ ಬಿಸಿಲು ಬೀಳುವ ಬದಿ, ಮರ ಬಿದ್ದು ಬಯಲಾದ ಜಾಗ, ಮರಗಸಿ (ನೆರಳುಮರದ ಕೊಂಬೆ ಕಡಿಯುವುದು) ಅತಿಯಾದ ಸಾಲು, ಇಷ್ಟರಲ್ಲೇ ಎಲೆ ಬೆಳ್ಳಗೆ ಕಾಗದದಂತೆ ಸುಟ್ಟಿದ್ದರೆ ಅದು ಬಿಸಿಲಿನದೇ ಕೆಲಸ. ಏಲಕ್ಕಿಗೆ ಅರ್ಧದಿಂದ ಶೇ. 60ರಷ್ಟು ನೆರಳು ಬೇಕು. ನೆರಳು ಕಡಿಮೆಯಾದ ಕಡೆ ಮಳೆಗಾಲ ಮುಗಿದ ಮೇಲೆ ಎಲೆಯಲ್ಲಿ ಉದ್ದುದ್ದ ಹಳದಿ ಮಚ್ಚೆ ಮೂಡಿ, ಕಂದುಬಣ್ಣಕ್ಕೆ ತಿರುಗಿ, ಎಲೆ ಒಣಗುವ ಅಂಗಮಾರಿ ರೋಗವೂ ಬರುತ್ತದೆ. ನೆರಳು ಸರಿಮಾಡದೆ ಶಿಲೀಂಧ್ರನಾಶಕ ಹೊಡೆದರೆ ಮರುವರ್ಷ ಮತ್ತೆ ಅದೇ ಕತೆ.

ನೆರಳು ಚೆನ್ನಾಗಿದೆ, ನೀರಿದೆ, ಗೊಬ್ಬರವಿದೆ, ಆದರೂ ಇಡೀ ಬುಡ ಹಳದಿಯಾಗಿ ಸೊರಗುತ್ತಿದೆ ಎಂದರೆ ಗುದ್ದಲಿ ಹಿಡಿಯುವ ಹೊತ್ತು ಬಂತು. ಬುಡದಿಂದ ಒಂದು ಗೇಣು ದೂರದಲ್ಲಿ, ಅರ್ಧ ಅಡಿ ಆಳಕ್ಕೆ, ಬೇರು ಕಡಿಯದಂತೆ ಮಣ್ಣು ಬಿಡಿಸಿ. ಬಿಳಿಯ, ಮೈ ಬಾಗಿದ ಸಣ್ಣ ಹುಳುಗಳು ಕಂಡು, ಬೇರಿನ ಸಿಪ್ಪೆ ಕೆರೆದಂತಿದ್ದರೆ ಅದು ಬೇರುಹುಳು. ಇದರ ದುಂಬಿ ಲೋಹದಂತೆ ಮಿರುಗುವ ನೀಲಿ ಅಥವಾ ಹಸಿರು ಬಣ್ಣದ್ದು. ಬೇಸಿಗೆಯ ಮೊದಲ ಮಳೆಗೆ, ಮಾರ್ಚ್–ಏಪ್ರಿಲ್‌ನಲ್ಲಿ ಒಮ್ಮೆ, ಮಳೆಗಾಲದ ಕೊನೆಗೆ ಮತ್ತೊಮ್ಮೆ ಗುಂಪಾಗಿ ಹೊರಬರುತ್ತದೆ. ಆ ದಿನಗಳಲ್ಲಿ ಕೀಟಬಲೆಯಿಂದ ದುಂಬಿ ಹಿಡಿದು ಕೊಂದರೆ ಮುಂದೆ ಮಣ್ಣಿಗೆ ಸುರಿಯಬೇಕಾದ ವಿಷ ಎಷ್ಟೋ ಕಡಿಮೆಯಾಗುತ್ತದೆ. ಹುಳುವನ್ನು ತಿನ್ನುವ ಜಂತುಗಳನ್ನು ಮಣ್ಣಿಗೆ ಸೇರಿಸುವ ಜೈವಿಕ ವಿಧಾನವೂ ಉಂಟು. ಅದನ್ನು ಸಂಶೋಧನಾ ಕೇಂದ್ರದವರನ್ನು ಕೇಳಿಯೇ ಮಾಡಿ, ಒಣಮಣ್ಣಿಗೆ ಹಾಕಿದರೆ ಜಂತು ಬದುಕುವುದಿಲ್ಲ.

ಬೇರಿನಲ್ಲಿ ಹುಳುವಿಲ್ಲ, ಬದಲಿಗೆ ಗಂಟುಗಂಟಾಗಿದೆ, ಎಲೆ ಸಪೂರವಾಗಿದೆ, ಗಿಡ ಗಿಡ್ಡಾಗಿದೆ ಎಂದರೆ ಬೇರಿಗೆ ಗಂಟು ಕಟ್ಟುವ ಬೇರೆ ಜಾತಿಯ ಜಂತುಹುಳು (ನೆಮಟೋಡ್). ಇದು ಹೆಚ್ಚಾಗಿ ನರ್ಸರಿಯಿಂದಲೇ ಬಂದಿರುತ್ತದೆ. ಸಸಿ ಕೊಳ್ಳುವಾಗ ನಾಲ್ಕಾರು ಪಾಲಿಥಿನ್ ಚೀಲ ಬಿಚ್ಚಿ ಬೇರು ನೋಡಿ, ಗಂಟು ಕಂಡರೆ ಆ ಲಾಟನ್ನೇ ಬಿಡಿ.

ಸುಳಿ ಎಲೆಯಲ್ಲಿ ತೆಳುಹಸಿರು ಗೆರೆ

ಈ ಲಕ್ಷಣವನ್ನು ಒಂದು ವಾರವೂ ಮುಂದೂಡಬಾರದು. ಬಿಚ್ಚಿಕೊಳ್ಳುತ್ತಿರುವ ಎಳೆಯ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ. ಕದಿರಿನಂತೆ ಎರಡು ತುದಿ ಚೂಪಾದ ಸಣ್ಣ ಮಾಸಲು ಮಚ್ಚೆಗಳು ಕಂಡು, ಮುಂದಿನ ಎಲೆಗಳಲ್ಲಿ ಅವು ನಡುನರದಿಂದ ಅಂಚಿನ ಕಡೆಗೆ ತುಂಡುತುಂಡಾದ ತೆಳುಹಸಿರು ಪಟ್ಟೆಗಳಾದರೆ ಅದು ಕಟ್ಟೆ ರೋಗ. ಎಲೆಯ ತೊಟ್ಟಿನ ಹೊದಿಕೆಯ ಮೇಲೂ ಅದೇ ಬಗೆಯ ಮಾಸಲು ಚುಕ್ಕೆಗಳು ಕಾಣುತ್ತವೆ. ಸಾರಜನಕದ ಕೊರತೆಯಲ್ಲಿ ಹಳೆ ಎಲೆ ಮೊದಲು ಮಾಸುತ್ತದೆ, ಕಟ್ಟೆಯಲ್ಲಿ ಹೊಸ ಎಲೆ ಮೊದಲು. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಅರ್ಧ ತೋಟ ಉಳಿಯುತ್ತದೆ.

ಇದರಂತೆಯೇ ಕಾಣುವ ಕೊಕ್ಕೆ ಕಂದು ಬೇರೆಯೇ ರೋಗ. ಅದರಲ್ಲಿ ಎಲೆಯ ನರಗಳೇ ತೆಳುವಾಗಿ ಬಣ್ಣ ಕಳೆದುಕೊಳ್ಳುತ್ತವೆ. ಹೊಸ ಸುಳಿ ಹಳೆ ಎಲೆಯ ಹೊದಿಕೆಯೊಳಗೆ ಸಿಕ್ಕಿಕೊಂಡು ಹೊರಬರಲಾರದೆ ಕೊಕ್ಕೆಯಂತೆ ಬಾಗುತ್ತದೆ. ಇದು ಕಟ್ಟೆಗಿಂತ ಬೇಗ ಬುಡವನ್ನು ಮುಗಿಸುತ್ತದೆ. ಇಳುವರಿ ಮೊದಲ ವರ್ಷವೇ ಬಿದ್ದುಹೋಗುತ್ತದೆ.

ಎರಡೂ ವೈರಸ್ ರೋಗ, ಎರಡನ್ನೂ ಹೊತ್ತು ತರುವುದು ಸಸ್ಯಹೇನು. ಎಲೆಹೊದಿಕೆಯ ಸಂದಿನಲ್ಲಿ, ಒಣಗಿದ ತೊಟ್ಟುಗಳ ಮರೆಯಲ್ಲಿ ಕಪ್ಪುಗೆಂಪಿನ ಹೇನು ಗುಂಪಾಗಿರುತ್ತದೆ. ಕೆಸು, ಅಂಗಳದಲ್ಲಿ ಅಂದಕ್ಕೆ ಇಡುವ ಬಣ್ಣದ ಕೆಸುವಿನ ಮೇಲೂ ಅದು ಬದುಕುತ್ತದೆ. ಹೇನಿಗೆ ಔಷಧಿ ಹೊಡೆದರೆ ರೋಗ ಹೋಗುತ್ತದೆ ಎಂಬ ನಂಬಿಕೆ ಬೇಡ. ರೋಗ ಹತ್ತಿದ ಬುಡ ಮತ್ತೆ ನೆಟ್ಟಗಾಗುವುದಿಲ್ಲ, ಹೇನು ಸಾಯುವ ಮೊದಲೇ ಪಕ್ಕದ ಬುಡಕ್ಕೆ ದಾಟಿಸಿರುತ್ತದೆ.

ಮಾಡಬೇಕಾದ್ದು ಇಷ್ಟು. ಬುಡವನ್ನು ಗಡ್ಡೆಯ ಚೂರೂ ಉಳಿಯದಂತೆ ಅಗೆದು ತೆಗೆದು, ತೋಟದ ಹೊರಗೆ ಒಣಗಿಸಿ ಸುಡಿ ಅಥವಾ ಆಳವಾಗಿ ಹೂಳಿ. ಬಿಟ್ಟ ಗಡ್ಡೆಯ ಚೂರು ಮೊಳೆತರೆ ಅದರಲ್ಲೂ ವೈರಸ್ ಇರುತ್ತದೆ. ಅಲ್ಲಿಂದ ಮುಂದೆ ತಿಂಗಳಿಗೊಮ್ಮೆ ಸುತ್ತಲಿನ ಸಾಲುಗಳ ಸುಳಿ ನೋಡಿ. ರೋಗ ಹತ್ತಿದ ಮೇಲೆ ಲಕ್ಷಣ ಕಾಣಲು ಕೆಲವು ವಾರಗಳಿಂದ ಮೂರು ತಿಂಗಳವರೆಗೂ ಹಿಡಿಯಬಹುದು, ಆದ್ದರಿಂದ ಒಂದೇ ಸುತ್ತು ಸಾಲದು. ಕಾಯಿ ತುಂಬಿದ ಬುಡ ಕೀಳಲು ಕೈ ಬರುವುದಿಲ್ಲ ನಿಜ. ಈ ಕೊಯ್ಲು ಮುಗಿಯಲಿ ಎಂದು ಬಿಟ್ಟ ಬುಡದಿಂದಲೇ ಸಾಲು ಸಾಲಾಗಿ ಹರಡುತ್ತದೆ.

ಮರುನಾಟಿಗೆ ಅದೇ ತೋಟದ ಕಂದು ಬಳಸಬೇಡಿ. ಈ ವೈರಸ್ ಗಡ್ಡೆಯಲ್ಲಿ ಸಾಗುತ್ತದೆ, ಬೀಜದಲ್ಲಿ ಸಾಗುವುದಿಲ್ಲ. ಹಾಗಾಗಿ ದೂರದಲ್ಲಿ ಬೆಳೆಸಿದ ಬೀಜದ ಸಸಿ ಹೆಚ್ಚು ಕ್ಷೇಮ. ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ (ಐಐಎಸ್‌ಆರ್) ಕೊಡಗಿನ ಅಪ್ಪಂಗಳದ ಕೇಂದ್ರದಿಂದ ಬಂದ ಐಐಎಸ್‌ಆರ್ ವಿಜೇತ ತಳಿ ಕಟ್ಟೆ ರೋಗವನ್ನು ತಡೆಯುವಂಥದ್ದು. ಅದೇ ಕೇಂದ್ರದ ಐಐಎಸ್‌ಆರ್ ಅವಿನಾಶ್ ಗಡ್ಡೆ ಕೊಳೆಯನ್ನು ತಾಳಿಕೊಳ್ಳುತ್ತದೆ. ನಿಮ್ಮ ತೋಟದ ಪೀಡೆ ಯಾವುದೋ ಅದಕ್ಕೆ ಹೊಂದುವುದನ್ನು ಆರಿಸಿ. ಗೆರೆ ನೋಡಿ ಅನುಮಾನ ಬಗೆಹರಿಯದಿದ್ದರೆ ಸುಳಿ ಎಲೆಯನ್ನು ಚೀಲಕ್ಕೆ ಹಾಕಿ ಅಪ್ಪಂಗಳ, ಮೂಡಿಗೆರೆ ಅಥವಾ ಸಕಲೇಶಪುರದ ಸಂಶೋಧನಾ ಕೇಂದ್ರಕ್ಕೆ ಒಯ್ದು ತೋರಿಸಿ.

ನಡುಸುಳಿ ಒಣಗಿದೆ, ಉಳಿದ ಎಲೆ ಹಸಿರಾಗಿದೆ

ಕಂದಿನ ಮೇಲೆ ಸಣ್ಣ ತೂತು, ತೂತಿನ ಬಾಯಲ್ಲಿ ಹಿಕ್ಕೆಯ ಪುಡಿ ಇದೆಯೇ ನೋಡಿ. ಇದ್ದರೆ ಕಾಂಡ ಕೊರೆಯುವ ಹುಳು. ಪುಡಿ ಹಸಿಯಾಗಿದ್ದರೆ ಹುಳು ಒಳಗಿದೆ, ಒಣಗಿ ಉದುರುವಂತಿದ್ದರೆ ಆಗಲೇ ಹೋಗಿದೆ, ಔಷಧಿ ದಂಡ. ಇದೇ ಹುಳು ಹೂಗೊಂಚಲನ್ನೂ ಎಳೆಗಾಯಿಯನ್ನೂ ಕೊರೆಯುತ್ತದೆ, ಪಕ್ಕದ ಶುಂಠಿ, ಅರಿಸಿನಕ್ಕೂ ಬೀಳುತ್ತದೆ. ನೂರರಲ್ಲಿ ಹತ್ತಕ್ಕಿಂತ ಕಡಿಮೆ ಕಂದಿಗೆ ಬಿದ್ದಿದ್ದರೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಆ ಕಂದುಗಳನ್ನು ಕತ್ತರಿಸಿ ಹುಳು ಸಮೇತ ನಾಶ ಮಾಡಿದರೆ ಸಾಕು.

ಮುಟ್ಟಿದರೆ ಕಂದು ಕಿತ್ತು ಬರುತ್ತದೆ

ಮಳೆಗಾಲದ ನಡುವೆ ಎಲೆ ಮಂಕಾಗಿ ಜೋತುಬಿದ್ದು, ಹಗುರವಾಗಿ ಎಳೆದರೆ ಕಂದು ಬುಡದಿಂದ ಕಳಚಿಕೊಂಡರೆ ಗಡ್ಡೆ ಕೊಳೆತಿದೆ. ಚಾಕುವಿನಿಂದ ಗಡ್ಡೆ ಸೀಳಿ. ಆರೋಗ್ಯದ ಗಡ್ಡೆ ಗಟ್ಟಿಯಾಗಿ ಬೆಳ್ಳಗಿರುತ್ತದೆ, ಕೊಳೆತದ್ದು ಮೆತ್ತಗಾಗಿ ಕಂದುಬಣ್ಣಕ್ಕೆ ತಿರುಗಿರುತ್ತದೆ.

ಮೊದಲ ಚಿಕಿತ್ಸೆಗೆ ಕಾಸು ಬೇಡ, ಬಸಿಗಾಲುವೆ ತೋಡಿ ನೀರು ಹೊರಗೆ ಬಿಡಿ. ಬುಡದ ಮೇಲೆ ಮಣ್ಣು ಏರಿಸಿ ಗಡ್ಡೆ ಹೂತಿದ್ದರೆ ಬಿಡಿಸಿ. ಕೊಳೆತ ಭಾಗ ತೆಗೆದ ಮೇಲೆ ಲೀಟರಿಗೆ 2.5 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕಲಸಿದ ನೀರನ್ನು ಬುಡಕ್ಕೆ 3ರಿಂದ 5 ಲೀಟರ್ ಹುಯ್ಯಬಹುದು. ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಬಳಸುವವರು ಅದನ್ನು ತಾಮ್ರದ ಔಷಧಿಯ ಜೊತೆ ಹಾಕಬೇಡಿ, ಕನಿಷ್ಠ 15 ದಿನ ಬಿಡಿ. ತಾಮ್ರಕ್ಕೆ ಒಳ್ಳೆಯ ಶಿಲೀಂಧ್ರ, ಕೆಟ್ಟ ಶಿಲೀಂಧ್ರ ಎಂಬ ಭೇದವಿಲ್ಲ.

ಹೂವು ತುಂಬಿದೆ, ಕಾಯಿ ಕಟ್ಟುತ್ತಿಲ್ಲ

ಏಲಕ್ಕಿ ಹೂವು ನಸುಕಿನಲ್ಲಿ ಅರಳುತ್ತದೆ, ಒಂದು ದಿನದ ಬಾಳು. ಬೆಳಗಿನ ಆ ಕೆಲವೇ ಗಂಟೆಗಳಲ್ಲಿ ಜೇನು ಬಂದರೆ ಕಾಯಿ, ಬರದಿದ್ದರೆ ಮರುದಿನ ಹೂವು ಉದುರುತ್ತದೆ. ಮಳೆಬಿಟ್ಟ ಒಂದು ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಬುಡದ ಬಳಿ ಕೂತು ನೋಡಿ. ತುಡುವೆ ಜೇನು, ಮಿಸ್ರಿ ಜೇನು ಕಾಣದಿದ್ದರೆ ದೋಷ ಗಿಡದ್ದಲ್ಲ. ಹೆಕ್ಟೇರಿಗೆ ನಾಲ್ಕು ಜೇನುಪೆಟ್ಟಿಗೆ ಇಡುವುದು ರೂಢಿಯಲ್ಲಿರುವ ಸಲಹೆ. ಹೂವಿನ ಕಾಲದಲ್ಲಿ ಬೆಳಿಗ್ಗೆ ಯಾವ ಕೀಟನಾಶಕವನ್ನೂ ಹೊಡೆಯಬಾರದು.

ನಮ್ಮ ಕಡೆಯ ಮಲಬಾರ್ ಬಗೆಯಲ್ಲಿ ಹೂಗೊಂಚಲು ನೆಲಕ್ಕೆ ಒರಗಿ ಹರಿಯುತ್ತದೆ. ಮೈಸೂರು ಬಗೆಯಲ್ಲಿ ನೆಟ್ಟಗೆ ನಿಲ್ಲುತ್ತದೆ, ವಾಳುಕ್ಕ ಬಗೆಯಲ್ಲಿ ಅರ್ಧ ಬಾಗುತ್ತದೆ. ನೆಲದ ಮೇಲಿನ ಗೊಂಚಲು ದರಗಿನಡಿ ಹೂತಿದ್ದರೆ ಜೇನಿಗೆ ಹೂವೇ ಕಾಣುವುದಿಲ್ಲ. ಹೂ ಬಿಡುವ ಕಾಲಕ್ಕೆ ದರಗು ಬದಿಗೆ ಸರಿಸಿ, ಬೇಸಿಗೆಯಲ್ಲಿ ಮತ್ತೆ ಹೊದಿಸಿ. ಗೊಂಚಲೇ ಗಿಡ್ಡಾಗಿ ಹೂವು ಕಡಿಮೆಯಿದ್ದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನೀರು ಸಾಲದೆ ಹೋಗಿದೆ ಎಂದರ್ಥ.

ಕಾಯಿಯ ಮೇಲೆ ಕಜ್ಜಿ

ಸಿಪ್ಪೆಯ ಮೇಲೆ ಬಿರಟೆಯಂಥ ಒರಟು ಕಲೆ ಥ್ರಿಪ್ಸ್ ನುಸಿಯದು. ಎಳೆಗಾಯನ್ನು ಕೆರೆದು ರಸ ಹೀರಿದ ಗಾಯ ಕಾಯಿ ಬೆಳೆದಂತೆ ಕಲೆಯಾಗುತ್ತದೆ. ಒಳಗಿನ ಬೀಜವೂ ಸೊರಗುತ್ತದೆ, ದರವೂ ಇಳಿಯುತ್ತದೆ. ಬಿಚ್ಚದ ಸುಳಿಯನ್ನೋ ಹೂವಿನ ಹೊದಿಕೆಯನ್ನೋ ಬಿಳಿ ಕಾಗದದ ಮೇಲೆ ಕೊಡವಿದರೆ ಗೆರೆಯಷ್ಟು ಸಣ್ಣ ನುಸಿ ಓಡುವುದು ಕಾಣುತ್ತದೆ. ಕಲೆ ಈಗ ಕಂಡರೂ ಗಾಯವಾದದ್ದು ಹಿಂದೆ, ಕಲೆ ನೋಡಿದ ಮೇಲೆ ಹೊಡೆದ ಔಷಧಿ ಆ ಕಾಯಿಗೆ ತಾಗುವುದಿಲ್ಲ. ಕೊಯ್ಲು ಮುಗಿದೊಡನೆ ಒಣಎಲೆ, ಒಣಹೊದಿಕೆ ಬಿಡಿಸಿ ಬುಡ ಶುಚಿ ಮಾಡುವುದು ಇದಕ್ಕೆ ಮೊದಲ ಮದ್ದು. ನುಸಿ ಹೆಚ್ಚುವುದು ಬೇಸಿಗೆಯಲ್ಲಿ. ಕೀಟನಾಶಕ ಬೇಕೇಬೇಕಾದರೆ ಸಾಂಬಾರ ಮಂಡಳಿಯ ಈ ವರ್ಷದ ಶಿಫಾರಸು ಕೇಳಿಯೇ ತನ್ನಿ. ಏಲಕ್ಕಿಯಲ್ಲಿ ವಿಷದ ಉಳಿಕೆ ಕಂಡರೆ ಹೊರದೇಶದ ಖರೀದಿದಾರರು ಸರಕನ್ನು ಹಿಂದಕ್ಕೆ ಕಳಿಸುತ್ತಾರೆ.

ಕಾಯಿ ನೀರು ತುಂಬಿದಂತಾಗಿ ಉದುರುತ್ತದೆ

ಜೂನ್‌ನಿಂದ ಆಗಸ್ಟ್‌ವರೆಗೆ, ಬಿಡದೆ ಮಳೆ ಹೊಯ್ಯುವಾಗ ಕಾಯಿಯ ಮೇಲೆ ನೀರುನೀರಾದ ಮಚ್ಚೆ ಬಂದು, ಕಂದುಬಣ್ಣಕ್ಕೆ ತಿರುಗಿ, ಕೆಟ್ಟ ವಾಸನೆ ಹೊಡೆದು ಉದುರಿದರೆ ಕಾಯಿ ಕೊಳೆ. ಅಡಿಕೆಯ ಕೊಳೆರೋಗದ ಸಂಬಂಧಿಯೇ ಇದು, ಮದ್ದೂ ಅದೇ: ಮಳೆ ಹಿಡಿಯುವ ಮೊದಲು ಶೇ. 1ರ ಬೋರ್ಡೋ ದ್ರಾವಣ. 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಟ್ಟ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕರಗಿಸಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿದು ಕಲಕಿ. ಹೊಳೆಯುವ ಕಬ್ಬಿಣದ ಚಾಕು ಅದ್ದಿ ತೆಗೆದಾಗ ಕೆಂಪು ಲೇಪ ಹಿಡಿದರೆ ತಾಮ್ರ ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಹಾಕಿ. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಮಾಡಿದ ದಿನವೇ ಮುಗಿಸಿ. ಸುಣ್ಣ ಅರಳುವಾಗ ಕುದಿಯುತ್ತದೆ, ಕಣ್ಣಿಗೆ ಕನ್ನಡಕ ಬೇಕು.

ಕೊಳೆಯ ಗುರುತಿಲ್ಲದೆ ಕಾಯಿ ಕಡಿದು ಸಿಪ್ಪೆ ಚೆಲ್ಲಿದ್ದರೆ ಇಲಿ, ಅಳಿಲು.

ಒಣಗಿಸಿದ ಕಾಯಿ ಸೀಳಿದೆ, ಬಣ್ಣ ಹೋಗಿದೆ

ಕೊಯ್ದ ಕಾಯಿಯಲ್ಲಿ ಸುಮಾರು ಶೇ. 80 ನೀರು. ಅದು ಹತ್ತರ ಆಸುಪಾಸಿಗೆ ಇಳಿಯಬೇಕು. ಐದು ಕಿಲೋ ಹಸಿಗೆ ಒಂದು ಕಿಲೋ ಒಣ ಎಂಬುದು ಒರಟು ಲೆಕ್ಕ. ಇದಕ್ಕಿಂತ ತುಂಬಾ ಕಡಿಮೆ ಬಂದರೆ ಎಳೆಗಾಯಿ ಕೊಯ್ದಿದ್ದೀರಿ. ಒಂದು ಕಾಯಿ ಒಡೆದು ನೋಡಿ: ಬೀಜ ಕಪ್ಪಾಗಿದ್ದರೆ ಬಲಿತಿದೆ, ಬಿಳಿ ಅಥವಾ ಮಾಸಲು ಕಂದುಬಣ್ಣವಾಗಿದ್ದರೆ ಇಲ್ಲ. ಸಿಪ್ಪೆ ಹಳದಿಗೆ ತಿರುಗುವವರೆಗೆ ಕಾದರೆ ಒಣಗಿಸುವ ಗೂಡಿನಲ್ಲಿ ಸೀಳುತ್ತದೆ.

ಬಲಿತ ಕಾಯಿಯೇ ಸೀಳಿದ್ದರೆ ಶುರುವಿನಲ್ಲಿ ಬಿಸಿ ಹೆಚ್ಚಾಗಿದೆ. ಗೂಡಿನ ಬಿಸಿ 45ರಿಂದ 55 ಡಿಗ್ರಿಯಲ್ಲಿರಲಿ, ಕೈ ಅಂದಾಜು ಬೇಡ, ಥರ್ಮಾಮೀಟರ್ ಇಡಿ. ಮೊದಲ ಗಂಟೆಗಳಲ್ಲಿ ಹಬೆ ಹೊರಹೋಗಲು ಕಿಂಡಿ ತೆರೆದಿಡಿ, ಇಲ್ಲವಾದರೆ ಕಾಯಿ ಬೆಂದು ಕಂದುಬಣ್ಣಕ್ಕೆ ತಿರುಗುತ್ತದೆ. ಬಿಸಿಲಿನಲ್ಲಿ ಒಣಗಿಸಿದ ಕಾಯಿ ಬಿಳಿಚಿಕೊಳ್ಳುತ್ತದೆ. ಹಸಿರು ಉಳಿಯಬೇಕಾದರೆ ಲೀಟರಿಗೆ 20 ಗ್ರಾಂ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಹತ್ತು ನಿಮಿಷ ಅದ್ದಿ ತಟ್ಟೆಗೆ ಒಂದೇ ಪದರ ಹರಡಿ. ಹೊಗೆ ವಾಸನೆ ಬಂದರೆ ಹೊಗೆಕೊಳವೆಯ ಜೋಡಣೆಯಲ್ಲಿ ಸೋರಿಕೆಯಿದೆ. ಅದನ್ನು ಬರೀ ಸರಕಿನ ದೋಷ ಎಂದುಕೊಳ್ಳಬೇಡಿ. ಸೌದೆ ಗೂಡಿನ ಹೊಗೆ ತುಂಬಿದ ಮುಚ್ಚಿದ ಕೋಣೆಯಲ್ಲಿ ಮಲಗಿದವರ ಜೀವಕ್ಕೇ ಅಪಾಯ. ರಾತ್ರಿ ಕಾವಲಿರುವವರು ಕೋಣೆಯ ಹೊರಗೆ ಇರಲಿ.

ಅಲುಗಿಸಿದಾಗ ಗಲಗಲ ಎನ್ನದೆ ಮೆತ್ತಗಿರುವ ಕಾಯಿ ಚೀಲದಲ್ಲಿ ಬೂಸ್ಟು ಹಿಡಿಯುತ್ತದೆ. ಬೂಸ್ಟು ಬಂದದ್ದನ್ನು ಒರೆಸಿ, ಮತ್ತೆ ಒಣಗಿಸಿ ಬಳಸಬಾರದು, ಎಸೆಯಿರಿ. ಬೆಳಕು ಬಿದ್ದರೂ ಹಸಿರು ಮಾಸುವುದರಿಂದ ಒಳಗೆ ಕಪ್ಪು ಪಾಲಿಥಿನ್ ಇರುವ ಗೋಣಿಯಲ್ಲಿ ತುಂಬುತ್ತಾರೆ.

ಅಡುಗೆಯಲ್ಲಿ ಪರಿಮಳವೇ ಬರುತ್ತಿಲ್ಲ

ಪರಿಮಳದ ಎಣ್ಣೆ ಇರುವುದು ಬೀಜದಲ್ಲಿ. ಸಿಪ್ಪೆಯ ಹಸಿರು ನೋಡಿ ಕೊಂಡು ಮೋಸ ಹೋಗುವುದೇ ಹೆಚ್ಚು. ಒಂದು ಕಾಯಿ ಬಿಡಿಸಿ: ಬೀಜ ಕಪ್ಪಾಗಿ ತುಸು ಅಂಟಾಗಿ ಒಂದಕ್ಕೊಂದು ಹತ್ತಿಕೊಂಡಿರಬೇಕು, ಅಗಿದರೆ ಮೊದಲು ಖಾರ, ಆಮೇಲೆ ತಂಪು ತಾಗಬೇಕು. ಬೀಜ ಒಣಗಿ ಪುಡಿಯಾಗಿ ಬರೀ ಕಟ್ಟಿಗೆಯ ರುಚಿ ಕೊಟ್ಟರೆ ಅದು ತೀರಾ ಹಳತು ಅಥವಾ ಎಣ್ಣೆ ತೆಗೆದದ್ದು. ನೀರಿಗೆ ಹಾಕಿದೊಡನೆ ಹಸಿರು ಬಣ್ಣ ಬಿಟ್ಟರೆ ಬಣ್ಣ ಬಳಿದಿದ್ದಾರೆ. ಹಾರಕ್ಕೆ ಪೋಣಿಸುವ ಬಿಳುಪು ಮಾಡಿದ ಏಲಕ್ಕಿಯನ್ನು, ಹಾವೇರಿಯ ಏಲಕ್ಕಿ ಹಾರವನ್ನು ಬಿಚ್ಚಿಯೂ ಸೇರಿ, ಪಾಯಸಕ್ಕೆ ಹಾಕಬೇಡಿ.

ಸರಕು ಒಳ್ಳೆಯದಿದ್ದೂ ಪರಿಮಳ ಬರದಿದ್ದರೆ ಹಾಕಿದ ಹೊತ್ತು ತಪ್ಪಾಗಿದೆ. ಎಣ್ಣೆ ಹಬೆಯ ಜೊತೆ ಹಾರಿಹೋಗುತ್ತದೆ. ಒಂದು ಲೀಟರ್ ಪಾಯಸಕ್ಕೆ ನಾಲ್ಕೈದು ಕಾಯಿಯ ಬೀಜವನ್ನು ಒಂದು ಚಮಚ ಸಕ್ಕರೆಯೊಂದಿಗೆ ಕುಟ್ಟಿ, ಒಲೆ ಆರಿಸಿದ ಮೇಲೆ ಹಾಕಿ ಮುಚ್ಚಿಡಿ. ಹೋಳಿಗೆ ಹೂರಣಕ್ಕೆ ರುಬ್ಬುವಾಗ ಸೇರಿಸಿ, ಬೇಯಿಸುವಾಗ ಬೇಡ. ಚಹಾಕ್ಕೆ ಮಾತ್ರ ಸಿಪ್ಪೆ ಸಮೇತ ಜಜ್ಜಿ ಕುದಿಸಬಹುದು. ಪಾಯಸ ಕಹಿಯಾದರೆ ಪುಡಿ ಹೆಚ್ಚಾಗಿದೆ, ತುಸು ಹಾಲು ಸೇರಿಸಿ. ಹಾಲು ಒಡೆದದ್ದಕ್ಕೆ ಏಲಕ್ಕಿಯನ್ನು ದೂರಬೇಡಿ, ಅದು ಬಿಸಿ ಹಾಲಿಗೆ ಬೆಲ್ಲ ಬಿದ್ದ ಫಲ. ಸಿಕ್ಕಿಂ ಕಡೆಯ ದೊಡ್ಡ ಕಪ್ಪು ಏಲಕ್ಕಿಗೆ ಹೊಗೆ ವಾಸನೆ ಇರುವುದು ದೋಷವಲ್ಲ, ಅದು ಬೇರೆಯೇ ಗಿಡ. ಪಲಾವಿಗೆ ಸರಿ, ಸಿಹಿಗೆ ಸಲ್ಲದು.

ಕುಂಡದ ಏಲಕ್ಕಿ ಗಿಡ ಕಾಯಿ ಬಿಡುವುದಿಲ್ಲ

ಮೊದಲು ಅದು ಏಲಕ್ಕಿಯೇ ಎಂದು ನೋಡಿ. ಎಲೆ ಉಜ್ಜಿದರೆ ಘಮ್ಮೆನ್ನುವ ಗಿಡವನ್ನು ಏಲಕ್ಕಿ ಎಂದು ನರ್ಸರಿಗಳಲ್ಲಿ ಮಾರುತ್ತಾರೆ, ಅದು ಹೆಚ್ಚಾಗಿ ಆಲ್ಪೀನಿಯಾ ಜಾತಿಯದು. ಹೂವು ಎಲ್ಲಿಂದ ಬರುತ್ತದೆ ಎನ್ನುವುದೇ ಖಚಿತ ಗುರುತು: ಏಲಕ್ಕಿಗೆ ಬುಡದಿಂದ, ಆಲ್ಪೀನಿಯಾಗೆ ಕಾಂಡದ ತುದಿಯಿಂದ. ನಿಜವಾದ ಏಲಕ್ಕಿಯೇ ಆಗಿದ್ದರೂ ಬಯಲುಸೀಮೆಯ ಬಾಲ್ಕನಿಯಲ್ಲಿ ಕಾಯಿ ನಿರೀಕ್ಷಿಸಬೇಡಿ. ಅದಕ್ಕೆ ಬೇಕಾದ್ದು 600ರಿಂದ 1,200 ಮೀಟರ್ ಎತ್ತರದ ಕಾಡಿನ ತೇವ, ನೆರಳು, ಜೇನು ಎಲ್ಲ ಒಟ್ಟಿಗೆ.

ಮದ್ದಾಗಿ ತೆಗೆದುಕೊಂಡರೂ ಗುಣ ಕಾಣುತ್ತಿಲ್ಲ

ಊಟದ ನಂತರ ಒಂದೆರಡು ಕಾಯಿಯ ಬೀಜ ಅಗಿಯುವುದು ಹೊಟ್ಟೆಯುಬ್ಬರ, ಓಕರಿಕೆ, ಬಾಯಿ ದುರ್ವಾಸನೆಗೆ ತಲೆತಲಾಂತರದ ರೂಢಿ. ಅಷ್ಟರಿಂದ ಹಾನಿಯಿಲ್ಲ. ದುರ್ವಾಸನೆ ಎರಡು ವಾರ ಕಳೆದರೂ ಹೋಗದಿದ್ದರೆ ಏಲಕ್ಕಿ ಅದನ್ನು ಮುಚ್ಚಿಡುತ್ತಿದೆ ಅಷ್ಟೆ, ವಸಡು, ಹಲ್ಲು ತೋರಿಸಿ. ಹೊಟ್ಟೆನೋವಿನ ಜೊತೆ ಜ್ವರ, ರಕ್ತ ಬೆರೆತ ವಾಂತಿ, ಕಪ್ಪು ಮಲ, ಎದೆ ಹಿಂಡುವ ನೋವು ಇದ್ದರೆ ಮನೆಮದ್ದು ನಿಲ್ಲಿಸಿ ಆಗಲೇ ಆಸ್ಪತ್ರೆಗೆ ಹೋಗಿ. ಪಿತ್ತಕೋಶದಲ್ಲಿ ಕಲ್ಲಿರುವವರು, ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಅಡುಗೆಯ ಪ್ರಮಾಣ ಮೀರಿ ಪುಡಿಯನ್ನೋ ಕಷಾಯವನ್ನೋ ತೆಗೆದುಕೊಳ್ಳುವ ಮೊದಲು ವೈದ್ಯರನ್ನು ಕೇಳಬೇಕು. ಏಲಕ್ಕಿ ಎಣ್ಣೆಯನ್ನು ಹಾಗೆಯೇ ಕುಡಿಯಬಾರದು. ಸಣ್ಣ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಉಸಿರುನಾಳಕ್ಕೆ ಸಿಕ್ಕೀತು.

ಕೆಮ್ಮಿಗೆ ಕೊಡುವ ಸಿತೋಪಲಾದಿ ಚೂರ್ಣದಲ್ಲಿ ಏಲಕ್ಕಿ ಇದೆ ಎಂದು ಮಧುಮೇಹಿಗಳು ಧೈರ್ಯವಾಗಿ ತೆಗೆದುಕೊಳ್ಳುವುದುಂಟು. ಅದರ ಲೆಕ್ಕ ನೋಡಿ: ಕಲ್ಲುಸಕ್ಕರೆ 16 ಪಾಲು, ವಂಶಲೋಚನ 8, ಹಿಪ್ಪಲಿ 4, ಏಲಕ್ಕಿ 2, ದಾಲ್ಚಿನ್ನಿ 1. ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ದಿನಕ್ಕೆ ಎರಡು ಮೂರು ಬಾರಿ ತೆಗೆದುಕೊಳ್ಳುವವರು ಆ ಸಕ್ಕರೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು, ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು.